ಹರಿಯಲು ಒಪ್ಪದ ಗಾರೆ

1934ರಲ್ಲಿ ಇಟಲಿಯ ಎಂಜಿನಿಯರುಗಳು ಪೀಸಾದ ವಾಲುಗೋಪುರಕ್ಕೆ ಉಪಕಾರ ಮಾಡಲು ಹೋದರು. ಮುಸೊಲಿನಿ ಆಳುತ್ತಿದ್ದ ಕಾಲ. ಗೋಪುರದ ಪಾಯಕ್ಕೆ 361 ರಂಧ್ರ ಕೊರೆದು ಸುಮಾರು 80 ಟನ್ ಸಿಮೆಂಟ್ ಗಾರೆಯನ್ನು ಒತ್ತಡದಲ್ಲಿ ತುಂಬಿದರು. ಪಾಯದ ಹಳೆಯ ಕಲ್ಲುಕಟ್ಟಡ ಬಿಗಿಯಾಗಲಿ, ಬುಡದ ತಗ್ಗಿನಲ್ಲಿ ನೀರು ಒಸರುವುದು ನಿಲ್ಲಲಿ ಎಂಬುದು ಅವರ ಲೆಕ್ಕಾಚಾರ. ಗೋಪುರ ಮಾತ್ರ ಒಮ್ಮೆಲೇ ದಕ್ಷಿಣಕ್ಕೆ ಇನ್ನಷ್ಟು ಬಾಗಿತು.

1173ರಲ್ಲಿ ಶುರುವಾದ ಈ ಕಟ್ಟಡದ ತೂಕ ಸುಮಾರು 14,500 ಟನ್. ಕೆಳಗಿರುವುದು ಮೆತ್ತನೆಯ ಹೂಳು ಮತ್ತು ಜೇಡಿ. ಅಂಥ ನೆಲದ ಮೇಲೆ ಏಳು ಶತಮಾನ ಹೇಗೋ ತೂಕ ಹಿಡಿದು ನಿಂತದ್ದಕ್ಕೆ ಸಣ್ಣ ಅಲುಗಾಟವೂ ಹೆಚ್ಚೇ. 1838ರಲ್ಲಿ ಬುಡದ ಸುತ್ತ ನಡೆದಾಡುವ ತಗ್ಗು ತೋಡಿದಾಗಲೂ ಅದು ಹೀಗೆಯೇ ಮುನಿದಿತ್ತು. ಕೊನೆಗೆ 1990ರಲ್ಲಿ ಪ್ರವಾಸಿಗರಿಗೆ ಬಾಗಿಲು ಮುಚ್ಚಿ, ವರ್ಷಗಟ್ಟಲೆ ಚರ್ಚಿಸಿ, 1999ರಿಂದ 2001ರವರೆಗೆ ಉತ್ತರದ ಬದಿಯ ನೆಲದಿಂದ ಸುಮಾರು 38 ಘನಮೀಟರ್ ಮಣ್ಣನ್ನು ಇಷ್ಟಿಷ್ಟೇ ಹೊರತೆಗೆದ ಮೇಲೆ ಗೋಪುರ ಅರ್ಧ ಡಿಗ್ರಿಯಷ್ಟು ಹಿಂದಕ್ಕೆ ಬಂತು. ಒಳಗೆ ತುಂಬಿ ಕೆಟ್ಟದ್ದನ್ನು ಹೊರಗೆ ತೆಗೆದು ಸರಿಮಾಡಿದಂತಾಯಿತು.

ಹಾಗೆಂದು ನೆಲಕ್ಕೆ ಗಾರೆ ತುಂಬುವ ವಿದ್ಯೆಯನ್ನೇ ಹಳಿಯುವುದು ತಪ್ಪು. ಅಣೆಕಟ್ಟು, ಗಣಿ, ಸುರಂಗ ಯಾವುದೂ ಅದಿಲ್ಲದೆ ನಡೆಯುವುದಿಲ್ಲ. ತೊಡಕು ಇದ್ದದ್ದು ಬೇರೆ ಕಡೆ. ತುಂಬಿದ್ದು ಎಲ್ಲಿಗೆ ಹೋಗುತ್ತದೆ ಎಂಬುದು ತುಂಬುವವನ ಕೈಯಲ್ಲಿ ಇರಲಿಲ್ಲ. ಅದನ್ನು ಕೈಗೆ ತಂದುಕೊಳ್ಳಲು ಒಂದೂವರೆ ಶತಮಾನ ಬೇಕಾಯಿತು. ದಾರಿ ತೋರಿಸಿದವರು ವಿಶ್ವವಿದ್ಯಾಲಯದವರಲ್ಲ, ಕ್ಯಾಲಿಫೋರ್ನಿಯಾದ ಗುತ್ತಿಗೆದಾರರು.

ಮೊದಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1802ರಲ್ಲಿ ಫ್ರಾನ್ಸಿನ ಡಿಯೆಪ್ ಬಂದರಿನಲ್ಲಿ ನೀರಿನ ತೂಬೊಂದರ ತಳ ಕೊರೆದುಹೋಗಿತ್ತು. ಚಾರ್ಲ್ಸ್ ಬೆರಿನ್ಯಿ ಎಂಬ ಎಂಜಿನಿಯರು ಜೇಡಿ ಮತ್ತು ಸುಣ್ಣವನ್ನು ನೀರಿನಲ್ಲಿ ಕದಡಿ, ಕೈಪಂಪಿನಂಥ ಸಾಧನದಿಂದ ಬಡಿದು ಬಡಿದು ಕೆಳಗಿನ ಪೊಳ್ಳಿಗೆ ತಳ್ಳಿದ. ನೆಲಕ್ಕೆ ಗಾರೆ ತುಂಬಿದ ಮೊದಲ ದಾಖಲೆ ಅದೇ ಎನ್ನುತ್ತಾರೆ. 1824ರಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿತು. ಆಮೇಲೆ ಸುಣ್ಣ–ಜೇಡಿಯ ಜಾಗಕ್ಕೆ ಸಿಮೆಂಟಿನ ನೀರು ಬಂತು. ಅಣೆಕಟ್ಟಿನ ತಳದ ಬಂಡೆಯಲ್ಲಿ ಕೂದಲೆಳೆಯ ಸೀಳುಗಳಿದ್ದಾಗ ಇದು ಸರಿಯಾದ ಮದ್ದು. ಸೀಳು ಎಷ್ಟು ದೂರ ಹೋಗಿದೆಯೋ ಗಾರೆಯೂ ಅಷ್ಟು ದೂರ ಹೋಗಬೇಕು. ಆದ್ದರಿಂದ ಗಾರೆ ತೆಳುವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಈ ಕಸುಬಿನಲ್ಲಿ ಬೇರೂರಿತು. ಎಷ್ಟು ಚೀಲ ಸಿಮೆಂಟ್ ನೆಲ ಕುಡಿಯಿತು ಎಂಬುದೇ ಕೆಲಸದ ಅಳತೆಯಾಯಿತು.

ಬಂಡೆಗೆ ಒಪ್ಪುವ ಈ ತತ್ವ ಮಣ್ಣಿಗೆ ಒಪ್ಪುವುದಿಲ್ಲ. ಮಣ್ಣಿನ ಕಣಗಳ ನಡುವಿನ ಸಂದಿಗಳಲ್ಲಿ ಸಿಮೆಂಟಿನ ಕಣ ತೂರುವುದು ಉರುಟು ಮರಳು, ಜಲ್ಲಿಯಲ್ಲಿ ಮಾತ್ರ. ನುಣ್ಣನೆಯ ಮಣ್ಣಿಗೆ ಒತ್ತಡ ಹಾಕಿದರೆ ಅದು ಎಲ್ಲಿ ಸುಲಭವೋ ಅಲ್ಲಿ ಸೀಳುತ್ತದೆ, ಗಾರೆ ಆ ಸೀಳಿನಲ್ಲಿ ಹಾಳೆಯಾಗಿ ಹರಿಯುತ್ತದೆ. ಪಕ್ಕದ ಮನೆಯ ಚರಂಡಿಯಲ್ಲಿ ಎದ್ದರೂ ಎದ್ದೀತು. ಕುಸಿಯುತ್ತಿರುವ ಮೂಲೆಯ ಕೆಳಗಿನ ಸಡಿಲು ಮಣ್ಣು ಇದ್ದ ಹಾಗೇ ಇರುತ್ತದೆ.

ಇನ್ನು ಕ್ಯಾಲಿಫೋರ್ನಿಯಾಕ್ಕೆ ಬರೋಣ. ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಮರಳಿದಾಗ ಲಾಸ್ ಏಂಜಲೀಸ್ ಸುತ್ತಮುತ್ತ ಮನೆಗಳಿಗೆ ಬರ ಬಂತು. ಸಮತಟ್ಟು ಜಾಗ ಮುಗಿದ ಮೇಲೆ ಗುಡ್ಡಗಳ ಸರದಿ. ಗುಡ್ಡದ ಮೇಲ್ಬದಿಯನ್ನು ಕಡಿದು, ಆ ಮಣ್ಣನ್ನೇ ಕೆಳಬದಿಗೆ ಸುರಿದು ಸಮತಟ್ಟು ಮಾಡುವುದು, ಅದರ ಮೇಲೆ ಮನೆ ಎಬ್ಬಿಸುವುದು. ಅರ್ಧ ಮನೆ ಗಟ್ಟಿ ನೆಲದ ಮೇಲೆ, ಇನ್ನರ್ಧ ಸುರಿದ ಮಣ್ಣಿನ ಮೇಲೆ. ಸುರಿದದ್ದನ್ನು ಪದರ ಪದರವಾಗಿ ದಮ್ಮಸು ಮಾಡಿದವರು ಕಡಿಮೆ. ಲಾಸ್ ಏಂಜಲೀಸ್ ನಗರ ಗುಡ್ಡ ಕಡಿಯುವ ಕೆಲಸಕ್ಕೆ ಮೊದಲ ನಿಯಮಾವಳಿ ತಂದದ್ದೇ 1952ರಲ್ಲಿ. ಅಷ್ಟರಲ್ಲಿ ಸಾಕಷ್ಟು ಮನೆಗಳು ಎದ್ದಾಗಿತ್ತು. ಮಳೆ ಬಂದು, ಹುಲ್ಲುಹಾಸಿಗೆ ಬಿಟ್ಟ ನೀರು ಇಳಿದು ತುಂಬುಮಣ್ಣು ಕೂರತೊಡಗಿತು. ಗೋಡೆಗಳು ಬಿರುಕು ಬಿಟ್ಟವು, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡವು. ಬೆಂಗಳೂರಿನಲ್ಲಿ ಕೆರೆಯಂಗಳದ ಮೇಲೆ ಮನೆ ಕಟ್ಟಿಸಿದವರಿಗೆ ಈ ಲಕ್ಷಣಗಳನ್ನು ವಿವರಿಸಬೇಕಾಗಿಲ್ಲ.

ಇಂಥ ಮನೆಯನ್ನು ಉಳಿಸಲು ಆಗ ಇದ್ದ ದಾರಿ ಒಂದೇ: ಪಾಯದ ಕೆಳಗೆ ಗುಂಡಿ ತೋಡಿ, ಗಟ್ಟಿ ನೆಲ ಸಿಗುವವರೆಗೆ ಕಾಂಕ್ರೀಟ್ ಕಂಬ ಇಳಿಸುವುದು. ಖರ್ಚು ವಿಪರೀತ, ಮನೆಯವರು ಹೊರಗೆ. ಇನ್ನೊಂದು ಕಡೆ, ಕುಗ್ಗಿದ ಕಾಂಕ್ರೀಟ್ ರಸ್ತೆಯ ಹಾಸಿಗೆ ತೂತು ಹೊಡೆದು ಕೆಳಗೆ ಕೆಸರುಗಾರೆ ಒತ್ತಿ ಮೇಲಕ್ಕೆ ಎತ್ತುವ ಪದ್ಧತಿ ಅಮೆರಿಕದ ಹೆದ್ದಾರಿಗಳಲ್ಲಿ 1930ರ ದಶಕದಿಂದಲೂ ಇತ್ತು. ಅದಕ್ಕೆ ಬೇಕಾದ ಪಂಪು ಗುತ್ತಿಗೆದಾರರ ಬಳಿ ಇದ್ದೇ ಇತ್ತು. ಹಾಸನ್ನು ಎತ್ತುವ ಗಾರೆಯನ್ನು ಇನ್ನೂ ಆಳಕ್ಕೆ, ಸಡಿಲು ಮಣ್ಣಿನ ನಡುವಿಗೇ ಒಯ್ದು ಒತ್ತಿದರೆ ಹೇಗೆ? 1950ರ ದಶಕದ ಆರಂಭದಲ್ಲಿ ಕೆಲವರು ಅದನ್ನೇ ಮಾಡಿ ನೋಡಿದರು. ಗಾರೆ ದಪ್ಪಗಿದ್ದಷ್ಟೂ ಕೆಲಸ ಕೆಡುವುದು ಕಡಿಮೆ ಎಂಬುದು ಅವರ ಕಣ್ಣಿಗೆ ಬಿತ್ತು. ಇದು ಆವರೆಗಿನ ನಂಬಿಕೆಗೆ ಪೂರ್ತಿ ವಿರುದ್ಧ.

ಇಲ್ಲಿ ಗಾರೆಯ ಹದವೇ ಎಲ್ಲ. ಬಂಡೆಗೆ ತುಂಬುವುದು ಅಂಬಲಿಯಾದರೆ ಇದು ಮುದ್ದೆ. ಕಟ್ಟಡ ಕೆಲಸ ಕಂಡವರಿಗೆ ಸ್ಲಂಪ್ ಪರೀಕ್ಷೆ ಗೊತ್ತಿರುತ್ತದೆ: ಸುಮಾರು ಒಂದಡಿ ಎತ್ತರದ ತಗಡಿನ ಶಂಕುವಿಗೆ ಕಾಂಕ್ರೀಟ್ ತುಂಬಿ, ಶಂಕುವನ್ನು ಮೆಲ್ಲನೆ ಎತ್ತಿ, ರಾಶಿ ಎಷ್ಟು ಕುಗ್ಗಿತು ಎಂದು ಅಳೆಯುತ್ತಾರೆ. ಮನೆಯ ಆರ್‌ಸಿಸಿ ಹಾಕುವ ಕಾಂಕ್ರೀಟ್ ಸಾಮಾನ್ಯವಾಗಿ 75 ಮಿಲಿಮೀಟರಿಗೂ ಹೆಚ್ಚು ಕುಗ್ಗುತ್ತದೆ. ಈ ಗಾರೆ 25 ಮಿಲಿಮೀಟರ್ ಕುಗ್ಗಿದರೆ ಹೆಚ್ಚು. ನುಣ್ಣನೆಯ ಅಂಶವಿರುವ ಮರಳು, ಸಿಮೆಂಟು, ಬೇಕೋ ಬೇಡವೋ ಎಂಬಷ್ಟು ನೀರು. ನೆಲದೊಳಗೆ ಇಳಿಸಿದ ಉಕ್ಕಿನ ಕೊಳವೆಯ ತುದಿಯಿಂದ ಇದು ಹೊರಬಂದಾಗ ಎಲ್ಲಿಗೂ ಓಡದೆ ಅಲ್ಲೇ ಉಂಡೆಯಾಗಿ ಊದುತ್ತದೆ. ಊದುವಾಗ ಸುತ್ತಲಿನ ಸಡಿಲು ಮಣ್ಣನ್ನು ಎಲ್ಲ ದಿಕ್ಕಿಗೂ ತಳ್ಳಿ ಅದುಮುತ್ತದೆ. ಗಾರೆ ಮಣ್ಣಿನೊಂದಿಗೆ ಬೆರೆಯುವುದಿಲ್ಲ. ಮಣ್ಣು ತನ್ನಲ್ಲಿದ್ದ ಪೊಳ್ಳು ಜಾಗವನ್ನು ಬಿಟ್ಟುಕೊಟ್ಟು ಬಿಗಿಯಾಗುತ್ತದೆ. ನಂತರ ಕೊಳವೆಯನ್ನು ಒಂದೆರಡು ಅಡಿ ಮೇಲಕ್ಕೆ ಎಳೆದು ಇನ್ನೊಂದು ಉಂಡೆ, ಅದರ ಮೇಲೆ ಮತ್ತೊಂದು. ಹೀಗೆ ತಳದಿಂದ ಪಾಯದ ಹತ್ತಿರದವರೆಗೆ ಸಾಲು. ಮೊದಲು ಒಂದು ರಂಧ್ರ ಬಿಟ್ಟು ಒಂದರಲ್ಲಿ ತುಂಬಿ, ಆಮೇಲೆ ನಡುವಿನವಕ್ಕೆ ಬರುತ್ತಾರೆ. ಎರಡನೆಯ ಸರದಿಯಲ್ಲಿ ನೆಲ ಕಡಿಮೆ ಗಾರೆ ತೆಗೆದುಕೊಂಡು ಹೆಚ್ಚು ಒತ್ತಡ ತೋರಿಸಿದರೆ ಮೊದಲ ಸರದಿ ಕೆಲಸ ಮಾಡಿದೆ ಎಂದರ್ಥ.

ಯಾವಾಗ ನಿಲ್ಲಿಸಬೇಕು? ಮೂರು ಸೂಚನೆಗಳು: ಗೇಜಿನ ಮುಳ್ಳು ನಿಗದಿತ ಒತ್ತಡ ಮುಟ್ಟಿತು, ಅಥವಾ ಆ ಮಟ್ಟಕ್ಕೆ ನಿಗದಿಯಾದಷ್ಟು ಗಾರೆ ಹೋಯಿತು, ಅಥವಾ ಮೇಲಿನ ನೆಲ ಏಳತೊಡಗಿತು. ಮೂರನೆಯದೇ ಅತಿ ಮುಖ್ಯ. ಆದ್ದರಿಂದ ಪಂಪಿನವನಷ್ಟೇ ಮುಖ್ಯನಾದ ಇನ್ನೊಬ್ಬ ಈ ಕೆಲಸದಲ್ಲಿ ಇರುತ್ತಾನೆ. ಮನೆಯ ಗೋಡೆಯ ಗುರುತಿನ ಮೇಲೆ ಲೆವೆಲ್ ಉಪಕರಣದ ಕಣ್ಣು ನೆಟ್ಟು ಕೂರುವವನು. ಅವನು ಕೈ ಎತ್ತಿದರೆ ಪಂಪು ನಿಲ್ಲಬೇಕು. ಕುಗ್ಗಿದ ಮೂಲೆಯನ್ನು ಮೇಲೆತ್ತಬೇಕಾಗಿದ್ದರೆ ಇದೇ ಏಳುವಿಕೆಯನ್ನು ಬೇಕೆಂದೇ ಬರಿಸುತ್ತಾರೆ, ಮಿಲಿಮೀಟರ್ ಲೆಕ್ಕದಲ್ಲಿ.

ಇಷ್ಟೆಲ್ಲ ತಿಳಿದಿದ್ದೂ ಸುಮಾರು ಎರಡು ದಶಕ ಇದು ಕಸುಬಿನವರ ಒಳಗಿನ ವಿದ್ಯೆಯಾಗಿಯೇ ಉಳಿಯಿತು. ಗುಟ್ಟು ಹೊರಬಿಟ್ಟರೆ ಗಿರಾಕಿ ಹೋಗುತ್ತಾನೆ ಎಂಬ ಭಯ ಒಂದು. ಲೆಕ್ಕ ಕಟ್ಟಿ ತೋರಿಸಲಾಗದ ಕೆಲಸವನ್ನು ವಿನ್ಯಾಸದ ಎಂಜಿನಿಯರು ನಂಬಲಾರ ಎಂಬುದು ಇನ್ನೊಂದು. 1969ರಲ್ಲಿ ಎಡ್ವರ್ಡ್ ಗ್ರಾಫ್ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ಪತ್ರಿಕೆಯಲ್ಲಿ ಈ ವಿಧಾನವನ್ನು ಬಿಡಿಸಿ ಬರೆದ. 1973ರಲ್ಲಿ ಡಗ್ಲಸ್ ಬ್ರೌನ್ ಮತ್ತು ಜೇಮ್ಸ್ ವಾರ್ನರ್ ಜೋಡಿಯ ಲೇಖನ ಬಂತು. ವಾರ್ನರ್ ಸ್ವತಃ ಗುತ್ತಿಗೆ ಕೆಲಸದಿಂದ ಬಂದವನು. ಕಾಂಪ್ಯಾಕ್ಷನ್ ಗ್ರೌಟಿಂಗ್ ಎಂಬ ಹೆಸರು ಪುಸ್ತಕಗಳಿಗೆ ಬಂದದ್ದು ಹೀಗೆ.

ವಾರ್ನರ್ ಮುಂದಿನ ಕೆಲವು ದಶಕ ಒಂದೇ ವಿಷಯಕ್ಕೆ ಜಗಳವಾಡಿದ ಎಂದರೂ ಸರಿಯೇ. ಗಟ್ಟಿ ಗಾರೆಯನ್ನು ಪಂಪು ಮಾಡುವುದು ಕಷ್ಟ, ಮೆದುಗೊಳವೆ ಕಟ್ಟಿಕೊಳ್ಳುತ್ತದೆ. ಸುಲಭವಾಗಲೆಂದು ಕೆಲವರು ಬೆಂಟೊನೈಟ್ ಎಂಬ ಜಾರುಜೇಡಿಯನ್ನು ಬೆರೆಸಲು ಶುರುಮಾಡಿದರು. ಶಂಕುವಿನ ಪರೀಕ್ಷೆಯಲ್ಲಿ ಅದೂ ಗಟ್ಟಿಯಾಗಿಯೇ ಕಾಣುತ್ತದೆ. ನೆಲದೊಳಗೆ ಹೋಗಿ ಒತ್ತಡ ಬಿದ್ದಾಗ ಮಾತ್ರ ಜಾರಿ, ಮಣ್ಣನ್ನು ಸೀಳಿ ಹಾಳೆಯಾಗಿ ಓಡುತ್ತದೆ. ಕುಗ್ಗುವ ಅಳತೆಯೊಂದೇ ಸಾಲದು, ಮರಳಿನ ಕಣಗಳು ಒಂದಕ್ಕೊಂದು ಉಜ್ಜಿ ಹಿಡಿಯುವ ಗುಣ ಇರಬೇಕು ಎಂಬುದು ಅವನ ಪಟ್ಟು. ಸೈಟಿನ ಅನುಕೂಲಕ್ಕೆ ಮಿಶ್ರಣ ಬದಲಿಸುವ ಚಟ ಯಾವ ದೇಶದ ಮೇಸ್ತ್ರಿಗೂ ಹೊಸದಲ್ಲ.

ಈ ವಿದ್ಯೆಗೂ ಮಿತಿ ಇದೆ. ನೀರು ಕುಡಿದು ನಿಂತ ಜೇಡಿಯನ್ನು ಅದುಮಿದರೆ ಅದರ ನೀರು ಹೊರಹೋಗಲು ತಿಂಗಳುಗಳೇ ಬೇಕು. ಅಷ್ಟರವರೆಗೆ ಅದು ಬಿಗಿಯಾಗದೆ ಜಾಗ ಬದಲಿಸುತ್ತದೆ ಅಷ್ಟೆ. ಗದಗ, ಧಾರವಾಡದ ಎರೆಭೂಮಿಯಲ್ಲಿ ಮನೆ ಬಿರುಕು ಬಿಡುವುದೂ ಬೇರೆ ಕಾರಣಕ್ಕೆ. ಅಲ್ಲಿನ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಸಡಿಲಾಗಿ ಕೂತದ್ದಲ್ಲ. ಅಲ್ಲಿಗೆ ಗಟ್ಟಿ ಗಾರೆಯ ಮದ್ದು ನಾಟುವುದಿಲ್ಲ. ತಕ್ಕ ನೆಲವೆಂದರೆ ಸಡಿಲು ಮರಳು, ಹೂಳುಮರಳು, ಸರಿಯಾಗಿ ದಮ್ಮಸಾಗದ ತುಂಬುಮಣ್ಣು. ದಕ್ಷಿಣ ಕೆರೊಲಿನಾದ ಪಿನೊಪೊಲಿಸ್ ಪಶ್ಚಿಮ ಅಣೆಕಟ್ಟಿನ ಕೆಳಗೆ ಅಂಥದೇ ಮರಳಿನ ಪದರವಿತ್ತು. ಭೂಕಂಪವಾದರೆ ಆ ಮರಳು ನೀರಿನಂತೆ ಹರಿದೀತು ಎಂಬ ಭಯ. 1886ರ ಚಾರ್ಲ್ಸ್‌ಟನ್ ಭೂಕಂಪದ ನೆನಪು ಆ ಸೀಮೆಯಲ್ಲಿ ಇನ್ನೂ ಹಸಿ. 1980ರ ದಶಕದಲ್ಲಿ ಅಲ್ಲಿ ಈ ವಿಧಾನವನ್ನು ಪರೀಕ್ಷೆಗೆ ಒಡ್ಡಿದರು.

ಅದಕ್ಕೂ ಮೊದಲೇ ಬಾಲ್ಟಿಮೋರ್ ಇದಕ್ಕೆ ಹೊಸ ಉಪಯೋಗ ಕಂಡುಹಿಡಿದಿತ್ತು. 1970ರ ದಶಕದ ಕೊನೆಯಲ್ಲಿ ಆ ನಗರದ ಮೆಟ್ರೊಗಾಗಿ ಬೋಲ್ಟನ್ ಹಿಲ್ ಬಡಾವಣೆಯ ಕೆಳಗೆ ಜೋಡಿ ಸುರಂಗ ಕೊರೆಯುತ್ತಿದ್ದರು. ಮೇಲೆ ಒಂದಕ್ಕೊಂದು ಅಂಟಿಕೊಂಡ ಹಳೆಯ ಇಟ್ಟಿಗೆ ಮನೆಗಳ ಸಾಲು. ಕೊರೆಯುವ ಯಂತ್ರ ಮುಂದೆ ಸರಿದಂತೆ ಅದರ ಹಿಂಬದಿಯಲ್ಲಿ ಸಣ್ಣ ಸಂದು ಉಳಿಯುತ್ತದೆ. ಮೇಲಿನ ಮಣ್ಣು ಅದರೊಳಕ್ಕೆ ಇಳಿದು ಸಡಿಲಾಗುತ್ತದೆ. ಆ ಸಡಿಲು ಮೇಲಕ್ಕೆ ಹಬ್ಬುತ್ತಾ ಹೋಗಿ ಕೊನೆಗೆ ಮನೆಯ ಪಾಯ ತಲುಪುತ್ತದೆ. ಆವರೆಗಿನ ರೂಢಿಯಂತೆ ಪ್ರತಿ ಮನೆಗೂ ಹೊಸ ಪಾಯ ಕಟ್ಟಿಕೊಡಬೇಕಿತ್ತು. ಬಾಲ್ಟಿಮೋರಿನವರು ಬೀದಿಯಿಂದಲೇ ಮೊದಲೇ ಕೊಳವೆಗಳನ್ನು ಇಳಿಸಿಟ್ಟುಕೊಂಡು, ಯಂತ್ರ ಕೆಳಗೆ ಹಾದುಹೋದ ಕೂಡಲೇ ಸುರಂಗದ ನೆತ್ತಿಯ ಮೇಲೆ ಗಟ್ಟಿ ಗಾರೆಯ ಉಂಡೆ ಊದಿಸಿದರು. ಸಡಿಲಾದ ಮಣ್ಣು ಹುಟ್ಟಿದಲ್ಲೇ ಬಿಗಿಯಾಯಿತು, ಮನೆಯವರೆಗೆ ಸುದ್ದಿ ಹೋಗಲಿಲ್ಲ. ಮೆಟ್ರೊ 1983ರ ನವೆಂಬರಿನಲ್ಲಿ ಓಡಿತು. ನನ್ನ ಮಟ್ಟಿಗೆ ಈ ಕಥೆಯ ನಿಜವಾದ ತಿರುವು ಇದೇ. ಕುಸಿದದ್ದನ್ನು ಎತ್ತುವ ವಿದ್ಯೆ ಕುಸಿಯುವ ಮೊದಲೇ ತಡೆಯುವ ವಿದ್ಯೆಯಾಯಿತು.

ಇದೇ ಆಲೋಚನೆ ಲಂಡನ್ನಿಗೆ ಹೋದಾಗ ವೇಷ ಬದಲಿಸಿತು. ಅಲ್ಲಿನ ನೆಲ ಜೇಡಿ, ಉಂಡೆಯ ಆಟ ನಡೆಯದು. ಎಂಜಿನಿಯರುಗಳು ತೆಳುಗಾರೆಗೆ ಮರಳಿದರು, ಆದರೆ ಕೈಯಲ್ಲಿ ಹಿಡಿತವಿಟ್ಟುಕೊಂಡು. 1933ರಲ್ಲಿ ಅರ್ನೆಸ್ಟ್ ಇಶಿ ರೂಪಿಸಿದ ತೋಳುಕೊಳವೆ ಅದಕ್ಕೆ ಒದಗಿತು. ಕೊಳವೆಯ ಉದ್ದಕ್ಕೂ ಅಲ್ಲಲ್ಲಿ ತೂತುಗಳು, ಪ್ರತಿ ತೂತಿನ ಮೇಲೆ ರಬ್ಬರ್ ತೋಳು. ಒಳಗಿನಿಂದ ಒತ್ತಿದರೆ ಗಾರೆ ಹೊರಹೋಗುತ್ತದೆ, ಹಿಂದಕ್ಕೆ ಬರಲಾರದು. ಬೇಕಾದ ತೂತನ್ನು ಮಾತ್ರ ಆರಿಸಿ, ಇಂದು ಇಷ್ಟು ಲೀಟರ್, ಮುಂದಿನ ವಾರ ಅಷ್ಟು ಎಂದು ಎಷ್ಟು ಬಾರಿಯಾದರೂ ತುಂಬಬಹುದು. ಜೇಡಿ ಸೀಳುವುದು ಸೀಳಲಿ, ಎಲ್ಲಿ ಎಷ್ಟು ಸೀಳಬೇಕೆಂದು ನಾವು ನಿರ್ಧರಿಸುತ್ತೇವೆ ಎಂಬ ಧೋರಣೆ.

ಧೋರಣೆ ಮುಗ್ಗರಿಸಿದ್ದೂ ಉಂಟು. 1994ರ ಅಕ್ಟೋಬರ್ 21ರ ನಸುಕಿನಲ್ಲಿ ಹೀಥ್ರೂ ವಿಮಾನನಿಲ್ದಾಣದ ಕೆಳಗೆ ಕೊರೆಯುತ್ತಿದ್ದ ರೈಲು ಸುರಂಗ ಕುಸಿಯಿತು. ಅದೃಷ್ಟಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ತನಿಖೆಯಲ್ಲಿ ಹೊರಬಿದ್ದ ಹಲವು ತಪ್ಪುಗಳ ಸರಪಳಿಯಲ್ಲಿ ಒಂದು ಹೀಗಿತ್ತು: ಮೇಲೆ ಕುಗ್ಗುತ್ತಿದ್ದ ಕಟ್ಟಡವೊಂದನ್ನು ಎತ್ತಲು ನೆಲಕ್ಕೆ ಗಾರೆ ಒತ್ತಿದ್ದರು. ಆ ಒತ್ತಡ ಮೇಲಕ್ಕೆ ಹೋದಂತೆ ಕೆಳಕ್ಕೂ ಹೋಗಿ ಸುರಂಗದ ತಳಕ್ಕೆ ಹಾನಿ ಮಾಡಿತ್ತು. ಕಟ್ಟಡ ಕಾಯುವವರು ಕಟ್ಟಡ ನೋಡುತ್ತಿದ್ದರೆ ಸುರಂಗವನ್ನು ಯಾರು ನೋಡಬೇಕು?

ಮರುವರ್ಷವೇ ವೆಸ್ಟ್‌ಮಿನ್‌ಸ್ಟರಿನಲ್ಲಿ ಲಂಡನ್ನಿನ ಭೂಗತ ರೈಲಿನ ಜುಬಿಲಿ ಮಾರ್ಗದ ವಿಸ್ತರಣೆಗಾಗಿ ಕೊರೆತ ಶುರುವಾಗಬೇಕಿತ್ತು. ಒಂದರ ಮೇಲೊಂದು ಎರಡು ಸುರಂಗ, ನಿಲ್ದಾಣದ ಭಾಗದಲ್ಲಿ 7.4 ಮೀಟರ್ ಅಗಲ. ಪಕ್ಕದಲ್ಲಿ ನಿಲ್ದಾಣಕ್ಕಾಗಿ 39 ಮೀಟರ್ ಆಳದ ಹಳ್ಳ. ಅದರಿಂದ ಮೂವತ್ತು ಚಿಲ್ಲರೆ ಮೀಟರ್ ದೂರದಲ್ಲಿ ನಿಂತದ್ದು ಬಿಗ್ ಬೆನ್ ಗಂಟೆಯ ಗೋಪುರ. 1859ರಿಂದ ಗಂಟೆ ಹೊಡೆಯುತ್ತಿರುವ ಈ ಗೋಪುರದ ತೂಕ 8,500 ಟನ್‌ಗೂ ಮಿಗಿಲು. ಅದರ ಪಾಯವೆಂದರೆ 15 ಮೀಟರ್ ಚೌಕದ, 3 ಮೀಟರ್ ದಪ್ಪದ ಕಾಂಕ್ರೀಟ್ ದಿಂಡು ಅಷ್ಟೆ. ಕಂಬಗಳಿಲ್ಲ. ಸುರಂಗ ಮತ್ತು ಹಳ್ಳದ ಕಡೆಗೆ ನೆಲ ಇಳಿದರೆ ಗೋಪುರ ಉತ್ತರಕ್ಕೆ ವಾಲುತ್ತದೆ. ಗೋಪುರ ಬೀಳುವ ಭಯಕ್ಕಿಂತ, ಅದಕ್ಕೆ ಅಂಟಿಕೊಂಡ ಸಂಸತ್ ಭವನದ ಗೋಡೆಗಳು ಕಿತ್ತು ಬಿರಿಯುವ ಭಯ ಹೆಚ್ಚು.

ಇಂಪೀರಿಯಲ್ ಕಾಲೇಜಿನ ಜಾನ್ ಬರ್ಲೆಂಡ್ ಇಲ್ಲಿ ಸಲಹೆಗಾರ. ಪೀಸಾ ಗೋಪುರದ ಸಮಿತಿಯಲ್ಲಿ ಕೂತವನೂ ಅವನೇ, 1970ರ ದಶಕದಲ್ಲಿ ಇದೇ ಸಂಸತ್ತಿನ ಅಂಗಳದ ಕೆಳಗೆ ಕಾರು ನಿಲ್ದಾಣ ತೋಡಿದಾಗ ಗೋಪುರದ ಚಲನೆ ಅಳೆದವನೂ ಅವನೇ. ಒಂದೇ ಮನುಷ್ಯ ಇಟಲಿಯಲ್ಲಿ ಮಣ್ಣು ತೆಗೆಸುವ ಯೋಚನೆಯಲ್ಲಿದ್ದಾಗ ಇಂಗ್ಲೆಂಡಿನಲ್ಲಿ ಗಾರೆ ತುಂಬಿಸುತ್ತಿದ್ದ.

ಬ್ರಿಜ್ ಸ್ಟ್ರೀಟಿನ ಬದಿಯ ಬಾವಿಯಿಂದ ಗೋಪುರದ ಪಾಯದ ಕೆಳಗಿನ ಜೇಡಿಗೆ ತೋಳುಕೊಳವೆಗಳನ್ನು ಬೀಸಣಿಗೆಯಾಕಾರದಲ್ಲಿ ಅಡ್ಡಲಾಗಿ ಚಾಚಿದರು. ಗೋಪುರದ ಒಳಗೆ ತೂಗುಗುಂಡು, ಹೊರಗೆ ಅಳತೆಯ ಗುರುತುಗಳು. 55 ಮೀಟರ್ ಎತ್ತರದಲ್ಲಿ ಗೋಪುರ ಎಷ್ಟು ಸರಿಯಿತು ಎಂಬುದೇ ನೋಡಬೇಕಾದ ಸಂಖ್ಯೆ. 1996ರ ಜನವರಿಯಿಂದ 1997ರ ಸೆಪ್ಟೆಂಬರ್‌ವರೆಗೆ, ಸಂಖ್ಯೆ ಮೇಲ್ಮಿತಿಯತ್ತ ಏರಿದಾಗಲೆಲ್ಲ ಉತ್ತರದ ಬದಿಗೆ ಅಳೆದು ಅಳೆದು ಗಾರೆ ಒತ್ತಿದರು. ಇಪ್ಪತ್ತಕ್ಕೂ ಹೆಚ್ಚು ಸಲ, ಒಟ್ಟು ಸುಮಾರು 120 ಘನಮೀಟರ್. ಹೀಗೆ ಮಾಡದೆ ಬಿಟ್ಟಿದ್ದರೆ ಆ ಎತ್ತರದಲ್ಲಿ ಗೋಪುರ 120 ಮಿಲಿಮೀಟರ್‌ನಷ್ಟಾದರೂ ಸರಿಯುತ್ತಿತ್ತು ಎಂಬುದು ನಂತರದ ಲೆಕ್ಕ. ಸರಿದದ್ದು ಅದರಲ್ಲೊಂದು ಸಣ್ಣ ಪಾಲು. ಒಳಗೆ ಸಂಸತ್ತು ಕಲಾಪ ನಡೆಸುತ್ತಲೇ ಇತ್ತು, ಗಡಿಯಾರ ಓಡುತ್ತಲೇ ಇತ್ತು.

ಗಾರೆ ತುಂಬುವುದು ನಿಂತ ಮೇಲೂ ಗೋಪುರ ಕೆಲವು ವರ್ಷ ನಿಧಾನವಾಗಿ ಸರಿಯುತ್ತಲೇ ಇತ್ತು. ಜೇಡಿಯ ಸ್ವಭಾವವೇ ಅದು; ಒತ್ತಡ ಬದಲಾದ ಮೇಲೆ ಅದರೊಳಗಿನ ನೀರು ಹೊಂದಿಕೊಳ್ಳಲು ವರ್ಷಗಳು ಬೇಕು. ವೆಸ್ಟ್‌ಮಿನ್‌ಸ್ಟರಿನ ಹೊಸ ನಿಲ್ದಾಣ 1999ರ ಡಿಸೆಂಬರಿನಲ್ಲಿ ತೆರೆಯಿತು. 2011ರಲ್ಲಿ ಬಿಗ್ ಬೆನ್ ವಾಲುತ್ತಿದೆ ಎಂದು ಲಂಡನ್ನಿನ ಪತ್ರಿಕೆಗಳು ದಪ್ಪಕ್ಷರದಲ್ಲಿ ಅಚ್ಚುಹಾಕಿದವು. ತುದಿಯಲ್ಲಿ ಅರ್ಧ ಮೀಟರಿಗೆ ಸ್ವಲ್ಪ ಕಡಿಮೆ ಓರೆ, 0.26 ಡಿಗ್ರಿ. ಬರ್ಲೆಂಡ್ ಮತ್ತೆ ಬಂದು ವಿವರಿಸಬೇಕಾಯಿತು: ಓರೆಯ ಬಹುಪಾಲು ಗೋಪುರ ಕಟ್ಟಿದ ಕಾಲದ್ದೇ, ಸುರಂಗ ಸೇರಿಸಿದ್ದು ಕೊಂಚ, ಪೀಸಾದಷ್ಟು ವಾಲಲು ಸಾವಿರಾರು ವರ್ಷ ಬೇಕು. ಗಟ್ಟಿ ಗಾರೆಯ ವಿಷಯಕ್ಕೆ ಮರಳಿದರೆ, 2010ರಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ನಗರಗಳಲ್ಲಿ ಈ ವಿಧಾನ ಬಳಸಲು ಸರ್ವಸಮ್ಮತ ಮಾರ್ಗದರ್ಶಿಯೊಂದನ್ನು ಹೊರತಂದಿತ್ತು. ಕ್ಯಾಲಿಫೋರ್ನಿಯಾದ ಗುತ್ತಿಗೆದಾರರು ಮೊದಲ ಉಂಡೆ ಊದಿಸಿ ಆಗಲೇ ಆರು ದಶಕದ ಹತ್ತಿರವಾಗಿತ್ತು.